ಕುರ್ಚಿ ಮೊದಲು, ಕುಂಡ ಆಮೇಲೆ: ಮನೆಯೊಳಗೆ ನೆಮ್ಮದಿಯ ಒಂದು ಮೂಲೆ

ಮನೆಯಲ್ಲಿ ನೆಮ್ಮದಿಯಾಗಿ ಕೂರಲು ಒಂದು ಹಸಿರು ಮೂಲೆ ಬೇಕು ಅಂತ ಮನಸ್ಸಿಗೆ ಬಂದ ಕೂಡಲೇ ನಾವು ಏನು ಮಾಡುತ್ತೇವೆ? ಏನಾದರೂ ಕೊಳ್ಳಲು ಹೊರಡುತ್ತೇವೆ. ನಾನೂ ಹಾಗೇ ಮಾಡಿದ್ದೆ. ಒಂದೇ ದಿನ ಏಳು ಕುಂಡ ತಂದು, ಹಾಲ್‌ನ ಖಾಲಿ ಮೂಲೆಯಲ್ಲಿ ಸಾಲಾಗಿ ಇಟ್ಟೆ. ನೋಡಲು ಚೆನ್ನಾಗಿತ್ತು. ಆದರೆ ಅಲ್ಲಿ ಯಾರೂ ಕೂರಲಿಲ್ಲ, ನಾನೂ ಕೂರಲಿಲ್ಲ. ಬೆಳಕು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಎರಡು ತಿಂಗಳಲ್ಲಿ ಐದು ಗಿಡ ಸತ್ತವು. ಆ ಗಿಡಗಳನ್ನು ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ.

ಅವತ್ತು ತಿಳಿಯದೇ ಹೋದದ್ದು ಇಷ್ಟೇ. ಬೆಳಕು, ಗಾಳಿ, ಮಳೆಯ ಸದ್ದು, ಹಕ್ಕಿಯ ಕೂಗು ಇವೆಲ್ಲ ಯಾರೂ ಕರೆಯದೆ ತಾವೇ ಮನೆಗೆ ಬರುತ್ತವೆ. ಯಾವ ಹೊತ್ತಿಗೆ, ಎಲ್ಲಿಂದ ಬರುತ್ತವೆ ಅಂತ ಹುಡುಕಿ, ಅಲ್ಲಿ ಕೂರಲು ಜಾಗ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಗಿಡ, ದೀಪ, ದಿಂಬು ಎಲ್ಲ ಆಮೇಲೆ.

ಕಿಟಕಿಯಾಚೆ ಏನು ಕಾಣುತ್ತದೆ ಅನ್ನುವುದು ಸಣ್ಣ ವಿಷಯವಲ್ಲ. ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆಗಿದ್ದ 46 ರೋಗಿಗಳ ದಾಖಲೆಗಳನ್ನು ಅವರು ಹೋಲಿಸಿ ನೋಡಿದ್ದರು. ಅರ್ಧ ಜನರಿಗೆ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಇನ್ನರ್ಧ ಜನರಿಗೆ ಕಾಣುತ್ತಿದ್ದದ್ದು ಇಟ್ಟಿಗೆಯ ಗೋಡೆ. ಮರ ಕಂಡವರು ಆಪರೇಷನ್ ಆದ ಮೇಲೆ ಸರಾಸರಿ 7.96 ದಿನ ಆಸ್ಪತ್ರೆಯಲ್ಲಿದ್ದರು. ಗೋಡೆ ಕಂಡವರು 8.70 ದಿನ. ಮರ ಕಂಡವರಿಗೆ ಜೋರಾದ ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ಇದು ಒಂದೇ ಆಸ್ಪತ್ರೆಯ ಸಣ್ಣ ಅಧ್ಯಯನ, ನಿಜ. ಆದರೂ ಕುರ್ಚಿಯನ್ನು ಯಾವ ಕಡೆಗೆ ತಿರುಗಿಸಬೇಕು ಅಂತ ಯೋಚಿಸುವಾಗ ನನಗೆ ಮೊದಲು ನೆನಪಾಗುವುದು ಇದೇ.

ಮೊದಲ ವಾರ ಏನೂ ಕೊಳ್ಳಬೇಡಿ

ಒಂದು ಕುರ್ಚಿ ಅಥವಾ ಚಾಪೆ ತೆಗೆದುಕೊಳ್ಳಿ. ಮನೆಯ ಮೂರು ನಾಲ್ಕು ಕಡೆ, ಬೆಳಗ್ಗೆ, ಮಧ್ಯಾಹ್ನ, ಸಂಜೆ, ಹತ್ತತ್ತು ನಿಮಿಷ ಸುಮ್ನೆ ಕೂತು ನೋಡಿ. ಕೈಯಲ್ಲಿ ಒಂದು ಪುಸ್ತಕ, ಪೆನ್ ಇರಲಿ. ಬೆಳಕು ಎಲ್ಲಿ ಬೀಳುತ್ತದೆ, ಯಾವ ಸದ್ದು ಕೇಳುತ್ತದೆ, ಕಣ್ಣು ತಾನಾಗಿ ಎಲ್ಲಿಗೆ ಹೋಗುತ್ತದೆ ಅಂತ ಬರೆದುಕೊಳ್ಳಿ.

ಬಿಸಿಲು ಒಳಗೆ ಬರುವ ಕಡೆ ಅದರ ಅಂಚಿಗೆ ನೆಲದ ಮೇಲೆ ಒಂದು ತುಂಡು ಪೇಪರ್ ಟೇಪ್ ಅಂಟಿಸಿ, ಹೊತ್ತು ಬರೆಯಿರಿ. ಒಂದು ಗಂಟೆ ಬಿಟ್ಟು ಇನ್ನೊಂದು ತುಂಡು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ ಅಂತ ಶಾಲೆಯಲ್ಲಿ ಓದಿದ್ದು ನಿಮ್ಮ ನೆಲದ ಮೇಲೇ ಕಾಣುತ್ತದೆ. ಈ ಟೇಪ್ ತೆಗೆಯಬೇಡಿ, ಆಮೇಲೆ ಬೇಕಾಗುತ್ತದೆ.

ಗಾಳಿ ನೋಡಲು ಒಂದು ಗೇಣು ದಾರ ಸಾಕು. ಕಿಟಕಿಯ ಸರಳಿಗೋ ಬಾಗಿಲ ಚೌಕಟ್ಟಿಗೋ ಕಟ್ಟಿ, ಯಾವ ಹೊತ್ತಿನಲ್ಲಿ ಯಾವ ಕಡೆಗೆ ವಾಲುತ್ತದೆ ನೋಡಿ. ಮನೆಯಲ್ಲಿ ಬೆಕ್ಕು ಇದ್ದರೆ ಇನ್ನೂ ಸುಲಭ. ಅದು ದಿನಕ್ಕೆ ಮೂರು ಸಲ ಜಾಗ ಬದಲಿಸಿ ಮಲಗುತ್ತದೆ, ಅಲ್ವಾ? ಆ ಮೂರೂ ಜಾಗಗಳನ್ನು ಪುಸ್ತಕದಲ್ಲಿ ಗುರುತು ಮಾಡಿಕೊಳ್ಳಿ. ಬೆಚ್ಚಗಿರುವ, ಯಾರ ಕಾಲಿಗೂ ಸಿಗದ ಜಾಗ ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತು.

ಮನೆಯವರು ಓಡಾಡುವ ದಾರಿಯನ್ನೂ ಗಮನಿಸಿ. ಅಡುಗೆಮನೆಗೆ ಹೋಗುವವರು ಪ್ರತಿ ಸಲ ನಿಮ್ಮ ಮುಂದೆಯೇ ದಾಟಬೇಕಾದರೆ ಆ ಮೂಲೆ ಎಷ್ಟೇ ಚೆಂದವಿರಲಿ, ಬೇಡ. ಜಾಗ ದೊಡ್ಡದಾಗಿರಬೇಕು ಅಂತೇನೂ ಇಲ್ಲ. ಒಂದೂವರೆ ಮೀಟರ್ ಉದ್ದ, ಅಷ್ಟೇ ಅಗಲ ಸಿಕ್ಕರೆ ಒಬ್ಬರು ಕಾಲು ಚಾಚಿ ಕೂರಬಹುದು. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಈ ಜಾಗ ಸಿಕ್ಕಿದ್ದು ಮೆಟ್ಟಿಲಿನ ತಿರುವಿನಲ್ಲಿ, ಬೀರು ಇಟ್ಟು ಮುಚ್ಚಿದ್ದ ಕಿಟಕಿಯ ಕೆಳಗೆ. ಬೀರು ಸರಿಸಿದರು, ಅಷ್ಟೇ.

ಬೆನ್ನಿಗೆ ಮರೆ, ಕಣ್ಣಿಗೆ ಬಯಲು

ಮರದ ಬುಡಕ್ಕೆ ಒರಗಿ ಬಯಲನ್ನು ನೋಡುತ್ತಾ ಕೂರುವುದು ಯಾಕೆ ಅಷ್ಟು ಹಿತ? ಜೇ ಆಪಲ್ಟನ್ ಎಂಬ ಬ್ರಿಟಿಷ್ ಭೂಗೋಳ ತಜ್ಞರು 1975ರಲ್ಲಿ ಇದಕ್ಕೆ ಒಂದು ವಿವರಣೆ ಕೊಟ್ಟರು. ನಾವು ಬೇರೆಯವರಿಗೆ ಕಾಣದೆ, ನಮಗೆ ಮಾತ್ರ ಸುತ್ತಲೂ ಕಾಣುವ ಜಾಗ ನಮಗೆ ಇಷ್ಟವಾಗುತ್ತದೆ ಅನ್ನುವುದು ಅವರ ಮಾತು. ಮರೆಯೂ ಬೇಕು, ನೋಟವೂ ಬೇಕು. ಮನೆಯೊಳಗೆ ಕುರ್ಚಿ ಇಡಲು ಇದಕ್ಕಿಂತ ಒಳ್ಳೆಯ ಸೂತ್ರ ನನಗೆ ಸಿಕ್ಕಿಲ್ಲ.

ಹಾಗಾಗಿ ಬೆನ್ನ ಹಿಂದೆ ಗೋಡೆ ಇರಲಿ. ಗೋಡೆ ಇಲ್ಲದಿದ್ದರೆ ಪುಸ್ತಕದ ಕಪಾಟು, ಪರದೆ ಅಥವಾ ಭುಜದೆತ್ತರದ ಗಿಡವಾದರೂ ಇರಲಿ. ಬಾಗಿಲು ಓರೆಗಣ್ಣಿಗೆ ಕಾಣುವಂತಿರಲಿ. ಹಿಂದಿನಿಂದ ಯಾರೋ ಬರಬಹುದು ಅನ್ನುವ ಸಣ್ಣ ಅಳುಕಿದ್ದರೂ ಮೈ ಸಡಿಲವಾಗುವುದಿಲ್ಲ. ಕಿಟಕಿ ನೇರ ಎದುರಿಗಿಂತ ಸ್ವಲ್ಪ ಓರೆಯಾಗಿದ್ದರೆ ಒಳ್ಳೆಯದು. ನೇರ ಎದುರಿದ್ದರೆ ಹಗಲಿನ ಬೆಳಕು ಕಣ್ಣು ಕುಕ್ಕುತ್ತದೆ.

ಎತ್ತರದ ಲೆಕ್ಕವನ್ನು ತುಂಬ ಜನ ಮರೆಯುತ್ತಾರೆ. ಕುರ್ಚಿಯ ಆಸನ ಸಾಮಾನ್ಯವಾಗಿ 40ರಿಂದ 45 ಸೆಂ.ಮೀ. ಎತ್ತರ ಇರುತ್ತದೆ. ಅದರ ಮೇಲೆ ಕೂತಾಗ ದೊಡ್ಡವರ ಕಣ್ಣು ನೆಲದಿಂದ ಸುಮಾರು 110–120 ಸೆಂ.ಮೀ. ಮೇಲಿರುತ್ತದೆ. ನೆಲದ ಮೇಲೆ ಕೂತರೆ 75 ಸೆಂ.ಮೀ. ಆಸುಪಾಸು. ನಿಮ್ಮ ಕಿಟಕಿ ನೆಲದಿಂದ 90 ಸೆಂ.ಮೀ. ಮೇಲೆ ಶುರುವಾಗುತ್ತದೆ ಅನ್ನಿ. ಚಾಪೆಯ ಮೇಲೆ ಕೂತವರಿಗೆ ಕಾಣುವುದು ಬರೀ ಆಕಾಶದ ಒಂದು ಚೂರು. ಆಗ ಗಟ್ಟಿಯಾದ ಒಂದು ಮಣೆಯೋ ಎತ್ತರದ ದಿಂಬೋ ಹಾಕಿದರೆ ಮರದ ತುದಿ ಕಣ್ಣಿಗೆ ಸಿಗಬಹುದು. ಅಳೆಯಲು ಟೇಪೇ ಬೇಕಿಲ್ಲ. ಕೂತು, ಇನ್ನೊಬ್ಬರಿಗೆ ನಿಮ್ಮ ಕಣ್ಣಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಲು ಹೇಳಿ. ಮುಂದೆ ಗಿಡ, ಚಿತ್ರ, ದೀಪ ಏನೇ ಇಟ್ಟರೂ ಆ ಗುರುತು ನೋಡಿಕೊಂಡೇ ಇಡಿ. ನಿಂತು ನೋಡುವಾಗ ಚೆಂದ ಕಂಡದ್ದು ಕೂತಾಗ ಕಾಣದೇ ಹೋಗುವುದು ಇಂಥ ಮೂಲೆಗಳಲ್ಲಿ ಪದೇ ಪದೇ ಆಗುವ ತಪ್ಪು.

ಈಗ ಆ ಜಾಗವನ್ನು ಖಾಲಿ ಮಾಡಿ. ಚಾರ್ಜರ್, ವೈರು, ಡಬ್ಬಿ, ಹಳೆಯ ಪೇಪರ್, ಇಸ್ತ್ರಿಗೆ ಕಾದಿರುವ ಬಟ್ಟೆ, ಎಲ್ಲವನ್ನೂ ಒಂದು ಪೆಟ್ಟಿಗೆಗೆ ತುಂಬಿ ಎರಡು ವಾರ ಬೇರೆ ಕಡೆ ಇಡಿ. ಆ ಎರಡು ವಾರ ಯಾರೂ ಕೇಳದೇ ಉಳಿದದ್ದಕ್ಕೆ ಈ ಮೂಲೆಯಲ್ಲಿ ಜಾಗ ಇಲ್ಲ ಅಂತ ತಿಳಿಯಿರಿ. ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲನ್ ಎಂಬ ಮನಶ್ಶಾಸ್ತ್ರಜ್ಞ ದಂಪತಿ ನಮ್ಮ ಗಮನ ಹೇಗೆ ದಣಿಯುತ್ತದೆ ಅನ್ನುವುದರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕೆಲಸದಲ್ಲಿ ಒತ್ತಾಯದಿಂದ ಹಿಡಿದಿಟ್ಟ ಗಮನ ದಣಿಯುತ್ತದೆ. ಎಲೆ ಅಲ್ಲಾಡುವುದು, ಮೋಡ ತೇಲುವುದು ಇಂಥವು ಗಮನವನ್ನು ಹಗುರವಾಗಿ ಸೆಳೆಯುತ್ತವೆ, ಏನನ್ನೂ ಕೇಳುವುದಿಲ್ಲ. ಆಗ ದಣಿದ ಗಮನ ಸುಧಾರಿಸಿಕೊಳ್ಳುತ್ತದೆ ಅನ್ನುವುದು ಅವರ ವಾದ. ಮಡಿಸಬೇಕಾದ ಬಟ್ಟೆಯ ಗುಡ್ಡೆ ಕಣ್ಣೆದುರಿಗಿದ್ದರೆ ಅದು ಕೇಳುತ್ತಲೇ ಇರುತ್ತದೆ. ಫೋನಂತೂ ಇನ್ನೂ ಜಾಸ್ತಿ. ಫೋನ್ ಚಾರ್ಜ್ ಮಾಡುವ ಜಾಗವನ್ನು ಆ ಮೂಲೆಯಿಂದ ಆದಷ್ಟು ದೂರ ಇಡಿ.

ಬೆಳಕನ್ನು ಪಳಗಿಸುವುದು

ಮಧ್ಯಾಹ್ನದ ಬಿರುಬಿಸಿಲಿನಲ್ಲಿ ಹೊರಗೆ ಬೆಳಕು 1,00,000 ಲಕ್ಸ್‌ವರೆಗೂ ಇರುತ್ತದೆ (ಲಕ್ಸ್ ಅಂದರೆ ಬೆಳಕನ್ನು ಅಳೆಯುವ ಮಾನ). ದೀಪ ಹಾಕಿದ ಕೋಣೆಯಲ್ಲಿ ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ನಮ್ಮ ಕಣ್ಣು ಬೇಗ ಹೊಂದಿಕೊಳ್ಳುವುದರಿಂದ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಗಿಡಕ್ಕೆ ಗೊತ್ತಾಗುತ್ತದೆ. ಹಗಲಿನ ಬೆಳಕು ಎಷ್ಟು ಒಳಗೆ ಬರುತ್ತದೆ ಅನ್ನುವುದಕ್ಕೆ ಒಂದು ಅಂದಾಜಿದೆ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡು ಪಟ್ಟು ದೂರದವರೆಗೆ ಪರವಾಗಿಲ್ಲ, ಅದರಾಚೆ ಮಂಕು. ಕುರ್ಚಿ ಈ ಗಡಿಯ ಒಳಗಿರಲಿ.

ಪೂರ್ವದ ಕಿಟಕಿಗೆ ಎಳೆಬಿಸಿಲು ಬರುತ್ತದೆ. ಬೆಳಗ್ಗೆ ಕೂರುವವರಿಗೆ ಅದೇ ಒಳ್ಳೆಯದು. ಪಶ್ಚಿಮದ ಕಿಟಕಿ ಮಧ್ಯಾಹ್ನದ ಮೇಲೆ ಕಾಯುತ್ತದೆ, ಅದಕ್ಕೆ ತೆಳು ಪರದೆಯೋ ಹೊರಗೆ ಒಂದು ಬಳ್ಳಿಯೋ ಬೇಕು. ಭೂಮಿಯ ಉತ್ತರಾರ್ಧದಲ್ಲಿ, ಅದರಲ್ಲೂ ಸಮಭಾಜಕದಿಂದ ದೂರದಲ್ಲಿ ಇರುವವರಿಗೆ ಉತ್ತರದ ಕಿಟಕಿಯಲ್ಲಿ ದಿನವಿಡೀ ಹದವಾದ ಬೆಳಕು ಇರುತ್ತದೆ. ದಕ್ಷಿಣಾರ್ಧದಲ್ಲಿ ಇರುವವರಿಗೆ ಇದು ತಿರುಗುಮುರುಗು.

ಒಂದು ಸಣ್ಣ ಉಪಾಯ ಹೇಳುತ್ತೇನೆ. ಬಿಸಿಲು ಬರುವ ಕಿಟಕಿಗೂ ಬಿಳಿ ಗೋಡೆಗೂ ನಡುವೆ ತೆಳುವಾದ ಎಲೆಗಳ ಒಂದೇ ಒಂದು ಗಿಡ ಇಡಿ. ಬಿಸಿಲು ಬಂದಾಗ ಗೋಡೆಯ ಮೇಲೆ ಎಲೆಗಳ ನೆರಳು ಆಡುತ್ತದೆ. ಗಾಳಿ ಬಂದರೆ ನಡುಗುತ್ತದೆ, ಮೋಡ ಬಂದರೆ ಕರಗುತ್ತದೆ. ನನ್ನ ಮೂಲೆಯಲ್ಲಿ ನಾನು ಅತಿ ಹೆಚ್ಚು ಹೊತ್ತು ನೋಡುವುದು ಗಿಡವನ್ನಲ್ಲ, ಅದರ ನೆರಳನ್ನು. ಕನ್ನಡಿ ಹಾಕುವ ಯೋಚನೆ ಇದ್ದರೆ ಮೊದಲು ಕೂತು ನೋಡಿ, ಅದರಲ್ಲಿ ಆಕಾಶವೋ ಮರವೋ ಕಾಣಬೇಕು. ಟಿವಿ ಕಾಣುವುದಾದರೆ ಬೇಡ.

ರಾತ್ರಿಯ ಲೆಕ್ಕ ಬೇರೆ. ಕಣ್ಣಿನೊಳಗೆ ದೇಹದ ಗಡಿಯಾರಕ್ಕೆ ಸುದ್ದಿ ಮುಟ್ಟಿಸುವ ಕೆಲವು ಕೋಶಗಳಿವೆ. ಅವು ನೀಲಿ ಬೆಳಕಿಗೆ ಬೇಗ ಎಚ್ಚರಗೊಳ್ಳುತ್ತವೆ. ಆದ್ದರಿಂದ ಸಂಜೆಯ ಮೇಲೆ ಬೆಳ್ಳನೆಯ ಟ್ಯೂಬ್‌ಲೈಟ್ ಆರಿಸಿ, 2700 ಕೆಲ್ವಿನ್ ಅಂತ ಬರೆದಿರುವ ಹಳದಿ ಬಲ್ಬಿನ ಒಂದು ಲ್ಯಾಂಪ್ ಹಾಕಿ. ಅದು ಕಣ್ಣಿನ ಮಟ್ಟಕ್ಕಿಂತ ಕೆಳಗಿರಲಿ, ಬಲ್ಬ್ ನೇರವಾಗಿ ಕಾಣದಂತೆ ಮುಚ್ಚಿರಲಿ.

ಇಷ್ಟಾದ ಮೇಲೆ ಗಿಡ

ಗಿಡ ತರುವ ಮುಂಚೆ ನೆರಳಿನ ಪರೀಕ್ಷೆ ಮಾಡಿ. ಮಧ್ಯಾಹ್ನದ ಹೊತ್ತಿಗೆ, ಕುಂಡ ಇಡಬೇಕೆಂದಿರುವ ಜಾಗದಲ್ಲಿ ಬಿಳಿ ಹಾಳೆ ಇಟ್ಟು, ಅದರ ಮೇಲೆ 30 ಸೆಂ.ಮೀ. ಎತ್ತರದಲ್ಲಿ ಅಂಗೈ ಹಿಡಿಯಿರಿ. ನೆರಳಿನ ಅಂಚು ಸ್ಪಷ್ಟವಾಗಿದ್ದರೆ ಬೆಳಕು ಚೆನ್ನಾಗಿದೆ. ಅಲ್ಲಿ ಲೋಳೆಸರ, ಜೇಡ್ ಗಿಡ ಬದುಕುತ್ತವೆ. ಕೈಯ ಆಕಾರ ಗೊತ್ತಾಗುತ್ತದೆ, ಅಂಚು ಮಾತ್ರ ಮಸುಕು ಅಂದರೆ ಮಧ್ಯಮ. ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್, ಫರ್ನ್ ಅಲ್ಲಿಗೆ ಸರಿ. ನೆರಳೇ ಸರಿಯಾಗಿ ಕಾಣದಿದ್ದರೆ ಸ್ನೇಕ್ ಪ್ಲಾಂಟ್, ಜೆಡ್‌ಜೆಡ್ ಪ್ಲಾಂಟ್ ಅಥವಾ ಮನಿ ಪ್ಲಾಂಟ್ ಮಾತ್ರ ತಡೆದುಕೊಳ್ಳುತ್ತವೆ. ತಡೆದುಕೊಳ್ಳುವುದು ಬೇರೆ, ಚಿಗುರುವುದು ಬೇರೆ. ಅವನ್ನೂ ಆಗಾಗ ಬೆಳಕಿಗೆ ಕರೆತನ್ನಿ. ನನ್ನ ಏಳು ಗಿಡಗಳನ್ನು ತಂದ ದಿನ ಈ ಪರೀಕ್ಷೆ ಮಾಡಿದ್ದರೆ ಅವುಗಳಲ್ಲಿ ನಾಲ್ಕನ್ನಾದರೂ ತರುತ್ತಿರಲಿಲ್ಲ.

ಮೂರು ಗಿಡದಿಂದ ಶುರು ಮಾಡಿ. ಒಂದು ಭುಜದೆತ್ತರದ್ದು, ಮರೆಯಾಗಿ. ಒಂದು ಕಣ್ಣಿನ ಮಟ್ಟದಲ್ಲಿ ಅಥವಾ ಮೇಲಿಂದ ಇಳಿಬಿದ್ದದ್ದು. ಇನ್ನೊಂದು ಕೈಗೆ ಸಿಗುವಷ್ಟು ಹತ್ತಿರ, ಹೊಸ ಎಲೆ ಬಿಚ್ಚಿಕೊಳ್ಳುವುದನ್ನು ದಿನವೂ ನೋಡಲು. ಈ ಮೂರೂ ಗಿಡ ಆರು ತಿಂಗಳು ಬದುಕಿದ ಮೇಲೆ ನಾಲ್ಕನೆಯದು.

ಮನೆಯೊಳಗಿನ ಗಿಡಗಳು ಬಾಯಾರಿ ಸಾಯುವುದಕ್ಕಿಂತ ನೀರು ಜಾಸ್ತಿಯಾಗಿ ಸಾಯುವುದು ಹೆಚ್ಚು. ಬೇರಿಗೂ ಉಸಿರು ಬೇಕು. ಮಣ್ಣಿನ ಸಂದುಗಳಲ್ಲಿ ಸದಾ ನೀರು ತುಂಬಿದ್ದರೆ ಗಾಳಿಗೆ ಜಾಗವಿಲ್ಲದೆ ಬೇರು ಕೊಳೆಯುತ್ತದೆ. ಕುಂಡದ ತಳದಲ್ಲಿ ತೂತು ಇರಲೇಬೇಕು. ವಾರಕ್ಕೆ ಇಷ್ಟು ಸಲ ಅನ್ನುವ ಲೆಕ್ಕ ಬಿಡಿ. ಮಣ್ಣಿಗೆ ಎರಡು ಮೂರು ಸೆಂ.ಮೀ. ಬೆರಳು ಇಳಿಸಿ, ಒಣಗಿದ್ದರೆ ಮಾತ್ರ ನೀರು. ಸ್ನೇಕ್ ಪ್ಲಾಂಟ್, ಜೆಡ್‌ಜೆಡ್ ಪ್ಲಾಂಟ್‌ಗಳಿಗೆ ಮಣ್ಣು ಪೂರ್ತಿ ಒಣಗುವವರೆಗೆ ಕಾಯಿರಿ. ಹತ್ತು ಹದಿನೈದು ದಿನಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ, ಒದ್ದೆ ಬಟ್ಟೆಯಿಂದ ಎಲೆಯ ಧೂಳು ಒರೆಸಿ.

ಮಗು ಅಥವಾ ಸಾಕುಪ್ರಾಣಿ ಇರುವ ಮನೆಯವರು ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಮನಿ ಪ್ಲಾಂಟ್, ಪೀಸ್ ಲಿಲ್ಲಿ, ಜೆಡ್‌ಜೆಡ್ ಪ್ಲಾಂಟ್, ಡೈಫನ್‌ಬಾಕಿಯಾ ಗಿಡಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳಿವೆ. ಎಲೆ ಜಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತವೆ. ಬೆಕ್ಕಿರುವ ಮನೆಗೆ ನಿಜವಾದ ಲಿಲ್ಲಿ ಹೂವನ್ನು ಹೂದಾನಿಯಲ್ಲಿ ಇಡಲು ಕೂಡ ತರಬೇಡಿ. ಅದರ ಎಲೆ, ಪರಾಗ, ಹೂದಾನಿಯ ನೀರು ಯಾವುದು ಹೊಟ್ಟೆಗೆ ಹೋದರೂ ಬೆಕ್ಕಿನ ಮೂತ್ರಪಿಂಡ ಹಾಳಾಗಿ ಜೀವವೇ ಹೋಗಬಹುದು. ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್, ಬೋಸ್ಟನ್ ಫರ್ನ್ ಬೆಕ್ಕು ನಾಯಿಗಳಿಗೆ ವಿಷವಲ್ಲ.

ಗಿಡಗಳು ಮನೆಯ ಗಾಳಿಯನ್ನು ಶುದ್ಧ ಮಾಡುತ್ತವೆ ಅನ್ನುವ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದಕ್ಕೆ ಮೂಲ 1989ರ ನಾಸಾ ವರದಿ. ಆ ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಇಂಥ ಹಲವು ಪ್ರಯೋಗಗಳ ಅಂಕಿಗಳನ್ನು 2019ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಸಾಧಾರಣ ಕಟ್ಟಡದಲ್ಲಿ ಗಾಳಿ ತಾನಾಗಿ ಬಂದುಹೋಗಿ ಮಾಡುವ ಕೆಲಸಕ್ಕೆ ಸಮವಾಗಲು ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು ಅಂತ ಲೆಕ್ಕ ಬಂತು. ಗಾಳಿ ಶುದ್ಧವಾಗಬೇಕಾದರೆ ಕಿಟಕಿ ತೆರೆಯಿರಿ. ಗಿಡ ಇರುವುದು ಕಣ್ಣಿಗೆ, ಕೈಗೆ, ಮನಸ್ಸಿಗೆ. ಅಷ್ಟು ಸಾಲದೇ?

ಗಾಳಿ, ಸದ್ದು

ಒಂದೇ ಕಿಟಕಿ ತೆರೆದರೆ ಗಾಳಿ ಒಳಗೆ ಬಂದು ನಿಲ್ಲುತ್ತದೆ. ಅದು ಹೊರಗೆ ಹೋಗಲೂ ದಾರಿ ಬೇಕು. ಎದುರಿನ ಬಾಗಿಲನ್ನೋ ಇನ್ನೊಂದು ಗೋಡೆಯ ಕಿಟಕಿಯನ್ನೋ ತೆರೆದು, ನಿಮ್ಮ ದಾರ ಏನು ಮಾಡುತ್ತದೆ ನೋಡಿ. ಆ ಎರಡರ ನಡುವಿನ ಗೆರೆಯ ಪಕ್ಕದಲ್ಲಿ ಕೂತರೆ ಗಾಳಿ ಮುಖಕ್ಕೆ ಬಡಿಯದೆ ಮೈ ಸವರಿಕೊಂಡು ಹೋಗುತ್ತದೆ.

ಬೀದಿಯ ಗದ್ದಲ ಜಾಸ್ತಿ ಇದ್ದರೆ ಮೊದಲು ಸಂದುಗಳನ್ನು ಮುಚ್ಚಿ. ಬಾಗಿಲ ಕೆಳಗಿನ ಒಂದು ಬೆರಳಗಲದ ಸಂದಿನಿಂದಲೇ ಎಷ್ಟೋ ಸದ್ದು ಒಳಗೆ ಬರುತ್ತದೆ. ದಪ್ಪ ಪರದೆ, ಕಾರ್ಪೆಟ್ ಹಾಕಿದರೆ ಕೋಣೆಯೊಳಗಿನ ಮಾರ್ದನಿ ತಗ್ಗುತ್ತದೆ. ಹೊರಗಿನ ಹಾರ್ನ್ ಅದರಿಂದ ಅಷ್ಟೇನೂ ನಿಲ್ಲುವುದಿಲ್ಲ. ನೀರು ಜಿನುಗುವ ಸಣ್ಣ ಕಾರಂಜಿ ಇಟ್ಟರೆ ಉಳಿದ ಸದ್ದು ಅದರ ಹಿಂದೆ ಮರೆಯಾಗುತ್ತದೆ. ಆದರೆ ನೀರು ಎಂದೂ ನಿಂತಿರಬಾರದು. ಬೆಚ್ಚನೆಯ ಹವೆಯಲ್ಲಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ 7–10 ದಿನ ಸಾಕು. ವಾರಕ್ಕೆ ಎರಡು ಸಲ ನೀರು ಚೆಲ್ಲಿ, ಉಜ್ಜಿ ತೊಳೆಯಿರಿ. ಕುಂಡದ ಕೆಳಗಿನ ತಟ್ಟೆಗೂ ಇದೇ ಮಾತು.

ಕಿಟಕಿಯಾಚೆ ಜಾಗವಿದ್ದರೆ ಹಕ್ಕಿಗಳಿಗೆ ಮೂರು ನಾಲ್ಕು ಸೆಂ.ಮೀ. ಆಳದ ಅಗಲ ಬಟ್ಟಲಲ್ಲಿ ನೀರಿಡಿ, ನಡುವೆ ಒಂದು ಒರಟು ಕಲ್ಲು. ಗಾಜಿನಿಂದ ಒಂದು ಮೀಟರಿಗಿಂತ ಹತ್ತಿರ ಇಟ್ಟರೆ ಒಳ್ಳೆಯದು. ಅಷ್ಟು ಹತ್ತಿರದಿಂದ ಹಾರಿದ ಹಕ್ಕಿ ಗಾಜಿಗೆ ತಗುಲಿದರೂ ವೇಗ ಕಡಿಮೆ ಇರುತ್ತದೆ, ಪೆಟ್ಟಾಗುವುದು ಕಡಿಮೆ. ಮೊದಲ ಹಕ್ಕಿ ಬರಲು ವಾರಗಳೇ ಹಿಡಿಯಬಹುದು. ಕಾಯಿರಿ.

ಮುಟ್ಟುವುದು, ಮೂಸುವುದು

ಒಂದೇ ಕೋಣೆಯಲ್ಲಿರುವ ಮರ ಮತ್ತು ಕಬ್ಬಿಣ ಎರಡರ ಬಿಸಿಯೂ ಒಂದೇ. ಆದರೂ ಕಬ್ಬಿಣ ಮುಟ್ಟಿದರೆ ತಣ್ಣಗೆ, ಮರ ಬೆಚ್ಚಗೆ. ಮರ ನಮ್ಮ ಕೈಯ ಕಾವನ್ನು ನಿಧಾನವಾಗಿ ಎಳೆದುಕೊಳ್ಳುತ್ತದೆ, ಅದಕ್ಕೆ. ಇಡೀ ಕೋಣೆ ಬದಲಿಸುವ ಅಗತ್ಯವಿಲ್ಲ. ಕೈ ಊರುವ ಜಾಗ, ಪಾದ ತಗಲುವ ನೆಲ, ಬೆನ್ನಿನ ದಿಂಬು ಈ ಮೂರು ಮರ, ಬೆತ್ತ, ಹತ್ತಿ, ನಾರಿನದ್ದಾಗಿದ್ದರೆ ಸಾಕು.

ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಗೆ ವಿಜ್ಞಾನಿಗಳು 1964ರಲ್ಲಿ ಪೆಟ್ರಿಕೋರ್ ಅಂತ ಹೆಸರಿಟ್ಟರು. ಅದರಲ್ಲಿ ಮುಖ್ಯವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ತಯಾರಿಸುತ್ತವೆ. ನಮ್ಮ ಮೂಗು ಅದನ್ನು ಲಕ್ಷ ಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ಹಿಡಿಯುತ್ತದೆ. ಹಾಗಾಗಿ ಗಿಡಕ್ಕೆ ನೀರು ಹಾಕುವ ಕೆಲಸವನ್ನು ನೀವು ಕೂರುವ ಹೊತ್ತಿಗೇ ಇಟ್ಟುಕೊಳ್ಳಿ. ರೂಮ್ ಸ್ಪ್ರೇ ಬೇಡವೇ ಬೇಡ.

ಕಿಟಕಿಯೇ ಇಲ್ಲದ ಕೋಣೆಯಾದರೆ

ಆಗಲೂ ದಾರಿ ಇದೆ. ಕೊಂಬೆ ಕವಲೊಡೆದು, ಆ ಕವಲು ಮತ್ತೆ ಕವಲೊಡೆಯುವ ವಿನ್ಯಾಸ ಮರ, ನದಿ ಎರಡರಲ್ಲೂ ಇದೆ. ಇಂಥ ವಿನ್ಯಾಸ ನೋಡುವಾಗ ಕಣ್ಣಿಗೆ ಶ್ರಮ ಕಡಿಮೆ ಅನ್ನುವ ವಿಷಯದ ಮೇಲೆ ರಿಚರ್ಡ್ ಟೇಲರ್ ಎಂಬ ಭೌತವಿಜ್ಞಾನಿ ಬಹುಕಾಲದಿಂದ ಕೆಲಸ ಮಾಡುತ್ತಿದ್ದಾರೆ. ಒಣಗಿ ಬಿದ್ದ ಒಂದು ಚೆಂದದ ಕೊಂಬೆಯನ್ನು ತಂದು ತೊಳೆದು ಗೋಡೆಗೆ ನಿಲ್ಲಿಸಿ, ಲ್ಯಾಂಪಿನ ಬೆಳಕು ಓರೆಯಾಗಿ ಬೀಳಲಿ. ಹತ್ತು ಸಣ್ಣ ಚಿತ್ರಗಳ ಬದಲು ದೂರದ ಬೆಟ್ಟವೋ ಕಡಲೋ ಇರುವ ದೊಡ್ಡ ಚಿತ್ರ ಒಂದೇ ಇರಲಿ, ಕಣ್ಣಿನ ಮಟ್ಟಕ್ಕೆ. ಗಿಡ ಬೇಕೇ ಬೇಕೆಂದರೆ ಗ್ರೋ ಲೈಟ್ (ಗಿಡ ಬೆಳೆಸಲೆಂದೇ ಮಾಡಿದ ದೀಪ) ಹಾಕಿ, ಟೈಮರ್ ಇಟ್ಟು ದಿನಕ್ಕೆ ಸುಮಾರು 12 ಗಂಟೆ ಉರಿಸಿ.

ಬಾಲ್ಕನಿ ಇರುವವರಿಗೆ ತೂಕದ ಎಚ್ಚರಿಕೆ. 30 ಸೆಂ.ಮೀ. ಉದ್ದ, ಅಗಲ, ಎತ್ತರದ ಕುಂಡದಲ್ಲಿ 27 ಲೀಟರ್ ಮಣ್ಣು ಹಿಡಿಯುತ್ತದೆ. ನೆನೆದಾಗ ಅದು 40 ಕಿಲೋ ದಾಟಬಹುದು. ದೊಡ್ಡ ಕುಂಡಗಳನ್ನು ಕಟಕಟೆಯ ಕಡೆಗೆ ಇಡದೆ ಗೋಡೆಯ ಪಕ್ಕ ಇಡಿ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದರೆ ತೂಕ ತಗ್ಗುತ್ತದೆ.

ಮೂರು ತಿಂಗಳಾದ ಮೇಲೆ

ನೆಲದ ಮೇಲಿನ ಟೇಪ್ ಗುರುತುಗಳು ನೆನಪಿವೆಯೇ? ಮೂರು ತಿಂಗಳು ಬಿಟ್ಟು ಅದೇ ಹೊತ್ತಿಗೆ ಬಂದು ನೋಡಿ. ಬಿಸಿಲಿನ ಅಂಚು ಅಲ್ಲಿರುವುದಿಲ್ಲ. ವರ್ಷದೊಳಗೆ ಸೂರ್ಯನ ಹಾದಿ ಉತ್ತರದಿಂದ ದಕ್ಷಿಣಕ್ಕೆ 47 ಡಿಗ್ರಿಯಷ್ಟು ಸರಿದು ಮತ್ತೆ ವಾಪಸ್ ಬರುತ್ತದೆ. ಚಳಿಗಾಲದಲ್ಲಿ ಕಾಲಿನವರೆಗೆ ಬರುತ್ತಿದ್ದ ಬಿಸಿಲು ಬೇಸಿಗೆಯಲ್ಲಿ ಕಿಟಕಿಯ ದಂಡೆಯಲ್ಲೇ ನಿಂತಿರಬಹುದು. ಹೊಸ ಅಂಚಿಗೆ ಇನ್ನೊಂದು ತುಂಡು ಟೇಪ್ ಅಂಟಿಸಿ, ತಿಂಗಳು ಬರೆಯಿರಿ. ಕುರ್ಚಿಯನ್ನು ಅದರ ಹತ್ತಿರಕ್ಕೆ ಎಳೆದುಕೊಳ್ಳಿ, ನೆರಳಾಡಿಸುವ ಗಿಡವನ್ನೂ ಜೊತೆಗೆ ಜರುಗಿಸಿ.